ಅಕ್ಕನ ಕೈಯ ಅಚ್ಚು

ಅವನ ಅಕ್ಕನ ಕೈಯ ಅಚ್ಚನ್ನು ಅವನ ಆಫೀಸಿನ ಯಜಮಾನ ಟೀವಿಯವರ ಕ್ಯಾಮೆರಾದ ಮುಂದೆ ಎತ್ತಿ ಹಿಡಿದು, ಇದು ನನ್ನ ತಾಯಿಯ ಕೈ ಎಂದು ಹೇಳಿದ.

ಒಣಗಿದ ಜೇಡಿಮಣ್ಣಿನ ಎರಡು ಉಂಡೆಗಳು ಅವು. ಅಕ್ಕ ಅಡುಗೆಮನೆಯ ಮೇಜಿನ ಮುಂದೆ ಕೂತು, "ಈ ವಯಸ್ಸಲ್ಲಿ ನನ್ನ ಕೈಲಿ ಮಣ್ಣಾಟ ಆಡಿಸ್ತೀಯಲ್ಲೋ" ಎಂದು ಬೈಯುತ್ತಲೇ ಅವನ್ನು ಹಿಸುಕಿ ಕೊಟ್ಟಿದ್ದಳು. ಬಲಗೈಯ ಕಿರುಬೆರಳು ಮಡಿಯದೆ ನೆಟ್ಟಗೆ ನಿಂತ ಗುರುತು, ಎಡಗೈಯ ಹೆಬ್ಬೆರಳಿನ ಬುಡದ ಗಂಟು, ಅಂಗೈಯ ತಳ ಆಳವಾಗಿ ಊರಿದ ಗುಳಿ, ಎಲ್ಲವೂ ಅವುಗಳಲ್ಲಿ ಇದ್ದವು. ಟೀವಿಯ ಮುಂದೆ ಊಟ ಮಾಡುತ್ತಿದ್ದ ಅಕ್ಕ ತಲೆಯೆತ್ತಿ, "ಅಯ್ಯೋ, ನನ್ನ ಕೈ!" ಎಂದಳು. ಯಜಮಾನನ ಕಣ್ಣಲ್ಲಿ ನೀರು ತುಂಬಿದ್ದನ್ನು ಕಂಡು ಅವಳ ದನಿಯೂ ಮೆತ್ತಗಾಯಿತು. "ಪಾಪ, ತಾಯಿ ಅಂದ್ರೆ ಪ್ರಾಣ ಅಂತ ಕಾಣುತ್ತೆ ಆ ಮನುಷ್ಯನಿಗೆ. ಹೇಳ್ಕೊಳ್ಳಲಿ ಬಿಡು. ಕೈ ನನ್ನ ಹತ್ರಾನೇ ಇದೆಯಲ್ಲ."

ಪಕ್ಕದಲ್ಲಿ ಉಣ್ಣುತ್ತಿದ್ದ ತಮ್ಮ ತಟ್ಟೆ ಬಿಟ್ಟು ಎದ್ದ. ಯಜಮಾನನ ತಾಯಿಯನ್ನು ಅವನು ಆಫೀಸಿನಲ್ಲಿ ಒಮ್ಮೆ ನೋಡಿದ್ದ. ಮೃದುವಾದ, ಬಿಳಿಯ, ಬೆರಳಿಗೊಂದು ಉಂಗುರವಿದ್ದ ಕೈ. ಕಾರಿನ ಬಾಗಿಲನ್ನೂ ಆಕೆ ತಾನಾಗಿ ತೆರೆದವಳಲ್ಲ.

ಕೈಯಲ್ಲಿ ಹಿಡಿದು ಆಡುವ ಗೇಮಿನ ಹೊರಕವಚ, ಅದರ ಬಟನ್ನುಗಳು, ದಿಕ್ಕು ತಿರುಗಿಸುವ ಕಡ್ಡಿ, ಇಷ್ಟನ್ನು ರೂಪಿಸುವುದು ಅವನ ಕಸುಬು. ಒಳಗಿನ ಮಿದುಳು ಬೇರೆಯವರದು, ಪರದೆಯ ಮೇಲಿನ ಚಿತ್ರ ಇನ್ಯಾರದೋ. ಆಡುವವರ ಕೈಗೆ ತಾಗುವುದೆಲ್ಲ ಅವನದು. ಆಫೀಸಿನಲ್ಲಿ ಅವನಿಗೆ ಚಿಪ್ಪಣ್ಣ ಎಂದು ಹೆಸರು. ಚಿಪ್ಪು ಮಾಡುವವನು ಎಂದು ಯಾರೋ ಪ್ರೀತಿಯಿಂದ ಇಟ್ಟಿದ್ದು. ಟೀವಿಯ ಆ ಸಂಜೆ ಕಳೆದ ಮೇಲೆ, ಕೈಗೆ ಚಿಪ್ಪು ಕೊಡಿಸಿಕೊಂಡವನು ಎಂದು ಎಲ್ಲರೂ ನಗುತ್ತಿದ್ದಾರೆ ಎಂದೇ ಅವನಿಗೆ ಕೇಳತೊಡಗಿತು.

ತಾಯಿ ಹೋದ ಮೇಲೆ ಅವನನ್ನು ಸಾಕಿದವಳು ಅಕ್ಕ. ತಗಡಿನ ಡಬ್ಬಿಗಳಿಗೆ ಮುಚ್ಚಳ ಒತ್ತುವ ಕಾರ್ಖಾನೆಯಲ್ಲಿ ನಿಂತೇ ಯೌವನ ಕಳೆದವಳು. ಎರಡೂ ಅಂಗೈ ಊರಿ ಒತ್ತಬೇಕು, ಮುಚ್ಚಳ ಟಿಕ್ ಎಂದ ಮೇಲೆ ಬಿಡಬೇಕು, ಮುಂದಿನ ಡಬ್ಬಿ. ಟಿಕ್ ಎನ್ನುವ ಮೊದಲೇ ಕೈ ತೆಗೆದವರ ಮಾನವನ್ನು ಮೇಸ್ತ್ರಿ ಎಲ್ಲರೆದುರು ಹರಾಜಿಗೆ ಇಡುತ್ತಿದ್ದ. ಅವಳ ಬೆರಳುಗಳು ಮೊದಲು ನೊಂದವು, ಆಮೇಲೆ ಮರಗಟ್ಟಿದವು, ಕಡೆಗೆ ತಮ್ಮ ಪಾಡಿಗೆ ತಾವು ನೆಟ್ಟಗೆ ನಿಂತುಬಿಟ್ಟವು. ಹಿಡಿದದ್ದು ಬಿಸಿ ಲೋಟವೋ ತಣ್ಣಗಿನದೋ ಎಂದು ಅವಳು ಕಣ್ಣಿಂದ ನೋಡಿ ತಿಳಿಯುತ್ತಿದ್ದಳು. ಆ ಬೆರಳುಗಳನ್ನು ತಿಂದು ಕಾರ್ಖಾನೆ ಇನ್ನೊಂದು ಮಹಡಿ ಎಬ್ಬಿಸಿತು. ಆ ಬೆರಳುಗಳ ಸಂಬಳ ತಿಂದು ಅವನು ಓದಿದ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವನೊಂದು ಗೇಮನ್ನು ಮನೆಗೆ ತಂದಿದ್ದ. ಅಕ್ಕ ಅದನ್ನು ಹಾಗೆ ಹಿಡಿದಳು, ಹೀಗೆ ಹಿಡಿದಳು. ಅದು ಜಾರಿ ಮಡಿಲಿಗೆ ಬಿತ್ತು. "ನಮ್ಮಂಥವರ ಕೈಗಲ್ಲ ಬಿಡಪ್ಪ ಇದು" ಎಂದು ನಗುತ್ತಾ ವಾಪಸು ಕೊಟ್ಟಳು. ವರ್ಷಗಟ್ಟಲೆ ಅವನು ಮಾಡಿದ್ದೆಲ್ಲ ಆ ನಗುವಿಗೆ ಉತ್ತರ.

ಎಲ್ಲರೂ ಗೇಮಿನ ಡಬ್ಬಿಯನ್ನು ತೆಳುವಾಗಿಸುತ್ತಿದ್ದಾಗ ಅವನು ಎರಡೂ ಪಕ್ಕವನ್ನು ದಪ್ಪಗೆ, ದುಂಡಗೆ ಮಾಡಿದ, ಅಂಗೈ ಒರಗಿ ಕೂರಲಿ ಎಂದು. ಕಡ್ಡಿಯ ತಲೆ ಅಗಲವಾಯಿತು, ಬೆರಳ ತುದಿ ಮರಗಟ್ಟಿದ್ದರೂ ಹೆಬ್ಬೆರಳಿನ ಬುಡದಿಂದ ತಳ್ಳಬಹುದು. ಮೇಲಂಚಿನಲ್ಲಿ ಇರುವ ಎರಡು ಬಟನ್ನುಗಳಿಗೆ ಆಫೀಸಿನಲ್ಲಿ ಹೆಗಲ ಬಟನ್ ಎನ್ನುತ್ತಾರೆ. ಅವನ್ನು ಅವನು ಪಕ್ಕದವರೆಗೂ ಇಳಿಬಿಟ್ಟ, ಬೆರಳು ಮಡಿಯದವರು ಅಂಗೈಯ ತಳದಿಂದಲೇ ಒತ್ತಲಿ ಎಂದು. ಕೊನೆಯದು ಸದ್ದು. ಬಟನ್ನಿನ ಅಡಿಯಲ್ಲಿ ಪ್ಲಾಸ್ಟಿಕ್ಕಿನ ತೆಳು ನಾಲಿಗೆಯೊಂದನ್ನು ಇಟ್ಟ. ಒತ್ತಿದರೆ ಅದು ಬಾಗಿ, ಟಿಕ್ ಎಂದು ಸ್ಪಷ್ಟವಾಗಿ ಹೇಳಿ, ಬಟನ್ನನ್ನು ಅಲ್ಲಿಗೇ ತಡೆಯುತ್ತಿತ್ತು. ಮುಟ್ಟಿ ಗೊತ್ತಾಗದವರಿಗೆ ಕೇಳಿಯಾದರೂ ಗೊತ್ತಾಗಬೇಕಲ್ಲ.

ಯಜಮಾನನಿಗೆ ಆ ಸದ್ದು ಕಂಡರಾಗದು. "ಏನಯ್ಯ ಇದು, ಹಲ್ಲಿ ಲೊಚಗುಟ್ಟಿದ ಹಾಗೆ? ಇಷ್ಟು ದುಡ್ಡು ಕೊಟ್ಟು ಯಾರಾದ್ರೂ ಹಲ್ಲಿ ಕೊಳ್ತಾರಾ? ತೆಗಿ ಅದನ್ನ."

"ಟಿಕ್ ಹೋದ ದಿನ ನಾನೂ ಹೋಗ್ತೀನಿ, ಸಾರ್" ಎಂದು ಅವನು ಹೇಳಿದ್ದ. ಜೀವಮಾನದಲ್ಲಿ ಅವನು ಯಜಮಾನನ ಎದುರು ಗೆದ್ದ ಜಗಳ ಅದೊಂದೇ.

ಟೀವಿಯಲ್ಲಿ ಬಂದ ಮರುದಿನ ಅವನು ಯಜಮಾನನ ಕೋಣೆಗೆ ಹೋಗಿ ನಿಂತ. ಅದು ನನ್ನ ಅಕ್ಕನ ಕೈ, ಸಾರ್, ಎಂದ. ಯಜಮಾನ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಈ ಕತೆ ಬೇರೆ ದಾರಿ ಹಿಡಿಯುತ್ತಿತ್ತೋ ಏನೋ.

"ನೋಡಪ್ಪ, ಜನಕ್ಕೆ ಒಂದು ಮುಖ ಬೇಕು. ಅಳೋ ಮುಖ ಆದ್ರೆ ಇನ್ನೂ ಒಳ್ಳೇದು. ನಿನ್ನ ಮುಖ ಇಟ್ಕೊಂಡು ಏನು ಮಾರಕ್ಕಾಗುತ್ತೆ, ನೀನೇ ಹೇಳು?" ಮೇಜಿನ ಮೇಲಿದ್ದ ಚಾಕೊಲೇಟಿನ ತಟ್ಟೆಯನ್ನು ಅವನ ಕಡೆಗೆ ತಳ್ಳಿದ. "ನಿನ್ನ ಅಕ್ಕನಿಗೂ ಎರಡು ತಗೊಂಡು ಹೋಗು."

ಅವನು ಎರಡು ತೆಗೆದುಕೊಂಡ. ಇಷ್ಟು ದಿನ ಕಳೆದರೂ ಆ ಎರಡು ಚಾಕೊಲೇಟು ಅವನ ಮೇಜಿನ ಡ್ರಾಯರಿನಲ್ಲಿ ಹಾಗೇ ಇದ್ದವು. ಕೋಪ ಆರುತ್ತಿದೆ ಎನಿಸಿದಾಗಲೆಲ್ಲ ಡ್ರಾಯರು ಎಳೆದು ನೋಡುತ್ತಿದ್ದ.

ಡಬ್ಬಿಯ ವಿನ್ಯಾಸಕಾರ ಎಂದು ಎಲ್ಲ ಕಡೆಯೂ ಯಜಮಾನನ ಹೆಸರೊಂದೇ ಬಿತ್ತು. "ಪ್ರತಿ ಗೆರೆಯೂ ನನ್ನದು, ಒಂದು ಸ್ಕ್ರೂ ಕೂಡ ನನ್ನನ್ನು ಕೇಳದೆ ಒಳಗೆ ಹೋಗಿಲ್ಲ" ಎಂದು ಆತ ಹೋದಲ್ಲಿ ಬಂದಲ್ಲಿ ಹೇಳಿದ. ಆ ಮಾತು ಮೊದಲು ಕೇಳಿದಾಗ ಚಿಪ್ಪಣ್ಣನ ಹೊಟ್ಟೆ ಉರಿಯಿತು. ಮತ್ತೆ ಮತ್ತೆ ಕೇಳಿದ ಮೇಲೆ ಅದರೊಳಗಿನ ಬಾಗಿಲು ಅವನಿಗೆ ಕಂಡಿತು. ಪ್ರತಿ ಗೆರೆಯೂ ನಿನ್ನದಾದರೆ ಪ್ರತಿ ದೋಷವೂ ನಿನ್ನದೇ. ಈ ಡಬ್ಬಿ ನಾಳೆ ಯಾರದಾದರೂ ಕೈ ಸುಟ್ಟರೆ ಸುಟ್ಟವನು ನೀನು. ಸುಟ್ಟುಕೊಂಡವನೂ ನೀನೇ ಆದರೆ ಲೆಕ್ಕ ಅಲ್ಲಿಗೇ ಮುಗಿಯಿತು. ತನಿಖೆಗೆ ಬಂದವರು ಇಡೀ ಊರು ಸುತ್ತಿದರೂ ಚಿಪ್ಪಣ್ಣನ ಹೆಸರು ಎಲ್ಲೂ ಸಿಗದು. ಕೆಲಸ ಮಾಡಿದವನನ್ನು ಅಳಿಸಿಹಾಕುವುದರಲ್ಲಿ ಯಜಮಾನ ಅಷ್ಟು ಅಚ್ಚುಕಟ್ಟು.

ಸಾಯುವುದು ಬೇಡ. ಅವನು ಕೊಲೆಗಾರನಲ್ಲ. ಕೈ ಸಾಕು. ಕದ್ದದ್ದು ಕೈಯನ್ನು, ತೆರಬೇಕಾದ್ದೂ ಕೈಯನ್ನೇ.

ಬಿಡುಗಡೆಯ ಸಮಾರಂಭದಲ್ಲಿ ಯಜಮಾನ ವೇದಿಕೆಯ ಮೇಲೆ ತಾನೇ ಮೊದಲ ಆಟ ಆಡುವುದೆಂದು ಗೊತ್ತಾಗಿತ್ತು. ಆಟ ಸರಳ: ಒಂದು ಹಕ್ಕಿ, ಕೆಳಗೆ ಸಮುದ್ರ, ಕೊನೆಗೆ ಬಿರುಗಾಳಿ. ಗಾಳಿ ಎದ್ದಾಗ ಎರಡೂ ಹೆಗಲ ಬಟನ್ನುಗಳನ್ನು ಒತ್ತಿ ರೆಕ್ಕೆ ಹರಡಬೇಕು. ಒಂದು ಸಲ ಒತ್ತಿ ಬಿಟ್ಟರೆ ರೆಕ್ಕೆ ಹರಡಿಯೇ ಇರುತ್ತದೆ, ಹಿಡಿದುಕೊಂಡಿರುವ ಅಗತ್ಯವಿಲ್ಲ. ಆದರೆ ಯಜಮಾನ ಅಭ್ಯಾಸದ ವೇಳೆ ಹಕ್ಕಿಯ ಕತ್ತು ಹಿಸುಕುವವನಂತೆ ಹಲ್ಲು ಕಚ್ಚಿ ಹಿಡಿಯುತ್ತಿದ್ದ, ಬಿಡುತ್ತಲೇ ಇರಲಿಲ್ಲ. ಆ ಹಿಡಿತದ ಸುತ್ತ ಚಿಪ್ಪಣ್ಣ ತನ್ನ ಬಲೆ ಹೆಣೆದ.

ಬಟನ್ನಿನ ಅಡಿಯ ನಾಲಿಗೆ ತೆಗೆದರೆ ತಡೆಯೂ ಹೋಗುತ್ತದೆ; ಬಟನ್ನು ಕೂದಲೆಳೆಯಷ್ಟು ಹೆಚ್ಚು ಒಳಗಿಳಿಯುತ್ತದೆ. ಇಳಿದದ್ದು ಒಳಗಿನ ತೆಳು ಹಲಗೆಯೊಂದನ್ನು ದೂಡುತ್ತದೆ. ಹಲಗೆಯ ಹಿಂದೆ ಬ್ಯಾಟರಿ, ನಡುವೆ ಅವನಿಟ್ಟ ಚೂಪು ಮುಳ್ಳು. ಒಂದೇ ಬಟನ್ ಒತ್ತಿದರೆ ಹಲಗೆ ಓರೆಯಾಗಿ ಸುಮ್ಮನಾಗುತ್ತದೆ. ಎರಡನ್ನೂ ಸೇರಿಸಿ, ಬಲವಾಗಿ, ಬಿಡದೆ ಒತ್ತಿದವನಿಗೆ ಮಾತ್ರ ಮುಳ್ಳು ನೆಟ್ಟಗೆ ಹೋಗಿ ಬ್ಯಾಟರಿಯ ಮೈ ಸೀಳುತ್ತದೆ. ಜಾಣರು, ಮೆತ್ತಗೆ ಆಡುವವರು, ಮಕ್ಕಳು, ಯಾರಿಗೂ ಏನೂ ಆಗದು. ಜಗತ್ತಿನಲ್ಲಿ ಇಷ್ಟು ದುರಾಸೆಯಿಂದ ಹಿಡಿಯುವ ಕೈ ಇನ್ನೊಂದಿಲ್ಲ ಎಂದು ಅವನಿಗೆ ಖಾತ್ರಿಯಿತ್ತು. ಬೆಂಕಿ ಎದ್ದ ಮೇಲೆ ಪ್ಲಾಸ್ಟಿಕ್ಕಿನ ಮುಳ್ಳು ತಾನೂ ಕರಗಿ ಗುರುತಿಲ್ಲದಾಗುತ್ತದೆ. ನಾಲಿಗೆ ಯಾಕೆ ಇರಲಿಲ್ಲ ಎಂದು ಕೇಳಿದರೆ ಉತ್ತರ ಸಿದ್ಧವಿದೆ: ಯಜಮಾನರೇ ತೆಗೆಸಿದರು, ಇಡೀ ಆಫೀಸಿಗೆ ಗೊತ್ತು.

ಹಾಗಾಗಿ ಅವನು ಮೊದಲು ಸೋಲಬೇಕಿತ್ತು. ಸೋತ. ವಾರದ ಸಭೆಯಲ್ಲಿ ಎಲ್ಲರ ಮುಂದೆ ಎದ್ದು, "ಟಿಕ್ ಬಗ್ಗೆ ನೀವು ಹೇಳಿದ್ದೇ ಸರಿ, ಸಾರ್. ವೇದಿಕೆಗೆ ಹೋಗೋ ಡಬ್ಬಿಯಿಂದಲೇ ತೆಗೆದುಬಿಡ್ತೀನಿ" ಎಂದ.

ಯಜಮಾನ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ. "ಬುದ್ಧಿ ಬಂತಲ್ಲಪ್ಪ ಕೊನೆಗೂ. ಹಲ್ಲಿ ಸತ್ತಿತು ಅನ್ನು."

ಎಲ್ಲರೂ ನಕ್ಕರು. ಅವನೂ ನಕ್ಕ. ನಗದೆ ಕೂತವಳು ಬಟನ್ನಮ್ಮ ಒಬ್ಬಳೇ. ಬೆಳಗಿನಿಂದ ಸಂಜೆಯವರೆಗೆ ಬಟನ್ ಒತ್ತಿ ಒತ್ತಿ ಪರೀಕ್ಷೆ ಮಾಡುವ ಕೆಲಸ ಅವಳದು. ಹೆಸರು ಅದರಿಂದಲೇ ಬಂದದ್ದು. ಸಭೆ ಮುಗಿದ ಮೇಲೆ ಕಾಫಿ ಯಂತ್ರದ ಹತ್ತಿರ ಅವನನ್ನು ಹಿಡಿದಳು.

"ಏನ್ರೀ ಚಿಪ್ಪಣ್ಣ, ಜ್ವರಗಿರ ಬಂದಿದೆಯಾ? ಆ ಟಿಕ್ಕಿಗೋಸ್ಕರ ರಾಜೀನಾಮೆ ಕೊಡ್ತೀನಿ ಅಂತ ಕುಣಿದವರು ನೀವೇ ಅಲ್ವಾ?"

"ಕುಣಿದು ಕುಣಿದು ಕಾಲು ನೋವು ಬಂತು ಕಣಮ್ಮ."

"ಅಕ್ಕನ್ನ ಕೇಳಿದ್ರಾ?"

"ಅಕ್ಕನಿಗೆ ಮನೇಲಿ ಹಳೇದಿದೆ. ಅದು ಟಿಕ್ ಟಿಕ್ ಅಂತಾನೇ ಇರುತ್ತೆ."

ಅವಳು ಲೋಟದ ಮೇಲಿನಿಂದ ಅವನನ್ನೇ ನೋಡಿದಳು. "ಸರಿ, ಕೊಡಿ ಹಾಗಾದ್ರೆ, ವೇದಿಕೆದು ಒಂದು ಸಲ ಒತ್ತಿ ನೋಡ್ತೀನಿ."

"ಬಿಳಿ ಬಣ್ಣದ್ದು. ಯಾರ ಬೆರಳೂ ಸೋಕಬಾರದು ಅಂತ ದೊಡ್ಡವರ ಅಪ್ಪಣೆ."

ಅಪ್ಪಣೆ ನಿಜವೇ. ಬಿಳಿಯ ಡಬ್ಬಿಯ ಮೇಲೆ ತನ್ನ ಕೈಗಿಂತ ಮೊದಲು ಬೇರೆಯವರ ಬೆರಳಚ್ಚು ಬೀಳಬಾರದು ಎಂದು ಯಜಮಾನ ಹೇಳಿದ್ದ. ಒಂದೊಂದೇ ಕಲ್ಲನ್ನು ಆತನೇ ಎತ್ತಿ ಕೊಡುತ್ತಿದ್ದ. ಚಿಪ್ಪಣ್ಣ ಗೋಡೆ ಕಟ್ಟಿದರೆ ಸಾಕಾಗಿತ್ತು.

ಎಲ್ಲರೂ ಊಟಕ್ಕೆ ಇಳಿದ ಮಧ್ಯಾಹ್ನ ಅವನು ಬಿಳಿ ಡಬ್ಬಿಯನ್ನು ಬಿಚ್ಚಿದ. ಕಿಟಕಿಯ ಬಿಸಿಲು ಮೇಜಿನ ಮೇಲೆ ಹರಡಿತ್ತು. ಸಣ್ಣ ಕತ್ತಿಯಿಂದ ಎರಡೂ ನಾಲಿಗೆಗಳನ್ನು ಬುಡಸಮೇತ ಕತ್ತರಿಸಿದ. ಕೈ ನಡುಗಲಿಲ್ಲ. ಬಟನ್ ಒತ್ತಿ ನೋಡಿದ. ಬೆಣ್ಣೆಗೆ ಬೆರಳಿಟ್ಟಂತೆ ಸದ್ದಿಲ್ಲದೆ ಇಳಿಯಿತು. ಮುಳ್ಳು ಕೂರಿಸಿದ, ಹಲಗೆ ಮುಚ್ಚಿದ, ಸ್ಕ್ರೂ ಬಿಗಿದ, ಮೆತ್ತನೆಯ ಬಟ್ಟೆಯಿಂದ ಒರೆಸಿ ಪೆಟ್ಟಿಗೆಯಲ್ಲಿಟ್ಟ. ಇಷ್ಟು ಶುದ್ಧವಾದ ಕೆಲಸ ತಾನು ಹಿಂದೆಂದೂ ಮಾಡಿರಲಿಲ್ಲ ಎಂದು ಅವನಿಗೆ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ಸ್ವಲ್ಪ ಹೆಮ್ಮೆಯೂ ಆಯಿತು.

ಸಮಾರಂಭದ ಹಿಂದಿನ ಸಂಜೆ ಅಕ್ಕ ಅಡುಗೆಮನೆಯ ಮೇಜಿಗೆ ಮೊಣಕೈ ಊರಿ ಅವನು ಅವಳಿಗೆಂದು ಮೊದಲು ಮಾಡಿಕೊಟ್ಟ ಹಳೆಯ ಬೂದು ಡಬ್ಬಿಯಲ್ಲಿ ಆಡುತ್ತಿದ್ದಳು. ಟಿಕ್, ಟಿಕ್ ಎಂದು ಸದ್ದು ಹಜಾರದವರೆಗೂ ಬರುತ್ತಿತ್ತು. ಸಮುದ್ರದ ಹಕ್ಕಿಯನ್ನು ಅವಳು ಎಷ್ಟೋ ಸಲ ದಡ ಮುಟ್ಟಿಸಿದ್ದಳು; ಪಕ್ಕದ ಮನೆಯವರನ್ನು ಕರೆದು ತೋರಿಸಿ ಅವರ ತಲೆ ತಿನ್ನುತ್ತಿದ್ದಳು.

"ನಾಳೆ ನೀನೂ ಬಾ, ಅಕ್ಕ. ಮುಂದಿನ ಸಾಲಲ್ಲೇ ಕೂರಿಸ್ತೀನಿ."

"ನಾನ್ಯಾಕೋ? ದೊಡ್ಡೋರ ನಡುವೆ ಈ ಕೈ ಎಲ್ಲಿ ಬಚ್ಚಿಟ್ಕೊಳ್ಲಿ?"

"ಬಚ್ಚಿಡೋದು ಬೇಡ. ಬಾ. ನೋಡೋ ಅಂಥದ್ದು ಇದೆ."

"ಏನದು?"

"ಬಂದರೆ ಗೊತ್ತಾಗುತ್ತೆ."

ಅವಳನ್ನು ಕರೆಯಬೇಕೇ ಎಂದು ಅವನು ತುಂಬ ಯೋಚಿಸಿದ್ದ. ಸಾಕ್ಷಿಯಿಲ್ಲದ ಸೇಡು ಅರ್ಧ ಸೇಡು ಎಂದು ಕೊನೆಗೆ ತೀರ್ಮಾನಿಸಿದ. ಅವಳಿಗೆ ವಿಷಯ ತಿಳಿಯುವುದು ಬೇಡ; ಅವಳ ಕೈಯನ್ನು ಕದ್ದವನ ಕೈಗೆ ಏನಾಯಿತು ಎಂದು ಅವಳ ಕಣ್ಣು ನೋಡಿದರೆ ಸಾಕು. ವೇದಿಕೆಗೂ ಮುಂದಿನ ಸಾಲಿಗೂ ಎಷ್ಟು ದೂರ, ಕಿಡಿ ಎಲ್ಲಿಯವರೆಗೆ ಹಾರಬಹುದು, ಹೊಗೆ ಯಾವ ಕಡೆ ತಿರುಗಬಹುದು ಎಂದು ಬರಿದಾದ ಸಭಾಂಗಣದಲ್ಲಿ ನಿಂತು ನೋಡಿ ಬಂದಿದ್ದ. ಬಾಗಿಲಿಗೆ ಹತ್ತಿರದ ಕುರ್ಚಿ ಅವಳಿಗೆ. ತಾನು ಎಲ್ಲರಿಗಿಂತ ಹಿಂದೆ, ದೀಪ ನೋಡಿಕೊಳ್ಳುವವರ ಪಕ್ಕದಲ್ಲಿ. ಏನೇ ಆದರೂ ಅವನು ವೇದಿಕೆಯಿಂದ ಅತಿ ದೂರ ಇದ್ದ ಎಂದು ಹೇಳಲು ಜನ ಬೇಕಲ್ಲ.

ಮರುದಿನ ಸಭಾಂಗಣ ತುಂಬಿತು. ಯಜಮಾನ ಕಪ್ಪು ಅಂಗಿ ತೊಟ್ಟು ಬೆಳಕಿನ ವೃತ್ತದೊಳಗೆ ನಿಂತ. ತಾಯಿಯ ಕತೆ ಮತ್ತೆ ಬಂತು, ಈ ಸಲ ಹೆಚ್ಚು ಉದ್ದವಾಗಿ. ತಾಯಿ ಈಗ ಮುಚ್ಚಳ ಒತ್ತುವ ಕಾರ್ಖಾನೆಯಲ್ಲೂ ಕೆಲಸ ಮಾಡಿಬಿಟ್ಟಿದ್ದಳು. ಅಕ್ಕನ ಆ ಕತೆಯನ್ನು ಚಿಪ್ಪಣ್ಣ ಯಾವಾಗಲೋ ಯಜಮಾನನಿಗೆ ಹೇಳಿದ್ದಿರಬೇಕು. ಹಿಂದೆ ನಿಂತಿದ್ದ ಅವನಿಗೆ ನಗು ಬಂತು. ತಗೋ, ಅದನ್ನೂ ತಗೋ, ಇನ್ನು ಸ್ವಲ್ಪ ಹೊತ್ತು.

ಯಜಮಾನ ಬಿಳಿ ಡಬ್ಬಿಯನ್ನು ಎತ್ತಿ ಹಿಡಿದ. ಚಪ್ಪಾಳೆ. ಮುಂದಿನ ಸಾಲಿನಲ್ಲಿ ಅಕ್ಕನೂ ಚಪ್ಪಾಳೆ ತಟ್ಟಿದಳು, ತನಗೆ ಬರುವ ಹಾಗೆ: ಬೆರಳುಗಳು ಬೇಲಿಯ ಕಡ್ಡಿಗಳಂತೆ ನೆಟ್ಟಗೆ, ಅಂಗೈಯ ತಳ ಮಾತ್ರ ಒಂದಕ್ಕೊಂದು ಬಡಿಯುವಂತೆ. ಯಜಮಾನ ಅದನ್ನು ಕಂಡ. ಕಣ್ಣಿಗೆ ಬಿದ್ದದ್ದನ್ನೆಲ್ಲ ತನ್ನದು ಮಾಡಿಕೊಂಡೇ ಅಷ್ಟು ಎತ್ತರಕ್ಕೆ ಹತ್ತಿದವನು, ಇದನ್ನು ಬಿಟ್ಟಾನೆಯೇ?

"ಅಮ್ಮಾ, ನೀವು. ಹೌದು, ನೀವೇ. ಒಂದು ನಿಮಿಷ ಮೇಲೆ ಬರ್ತೀರಾ?"

ಅಕ್ಕ ಹಿಂದೆ ತಿರುಗಿ ಯಾರನ್ನು ಕರೆದರೆಂದು ನೋಡಿದಳು. ಯಜಮಾನ ತಾನೇ ಮೆಟ್ಟಿಲಿಳಿದು ಬಂದು ಅವಳನ್ನು ಮೇಲೆ ಕರೆದೊಯ್ದು, ಅವಳ ಎರಡೂ ಕೈಯನ್ನು ಬೆಳಕಿಗೆ ಹಿಡಿದ. "ನೋಡಿ! ನನ್ನ ತಾಯಿಯ ಕೈ ಹೀಗೇ ಇತ್ತು. ಮೊದಲ ಆಟ ನಾನು ಆಡಬೇಕಿತ್ತು. ಬೇಡ. ಈ ತಾಯಿ ಆಡಲಿ."

"ನಿಮ್ಮ ತಾಯಿ ಕೈ ನಾನು ನೋಡಿಲ್ಲಪ್ಪ" ಎಂದಳು ಅಕ್ಕ. ಮೈಕು ಅದನ್ನೂ ಎಲ್ಲರಿಗೆ ಕೇಳಿಸಿತು. "ಇದಂತೂ ನಂದೇ."

ಸಭಾಂಗಣ ನಕ್ಕಿತು. ಯಜಮಾನ ಎಲ್ಲರಿಗಿಂತ ಜೋರಾಗಿ ನಕ್ಕು ಬಿಳಿ ಡಬ್ಬಿಯನ್ನು ಅವಳ ಕೈಗಿಟ್ಟ.

ಹಿಂದೆ ನಿಂತವನು ಒಂದು ಹೆಜ್ಜೆ ಮುಂದಿಟ್ಟು ಅಲ್ಲೇ ನಿಂತ. ಅವನು ತನಗೆ ತಾನೇ ಸಮಾಧಾನ ಹೇಳಿಕೊಂಡ. ಅಕ್ಕನ ಬೆರಳಲ್ಲಿ ಆ ಬಲ ಎಲ್ಲಿದೆ? ಒತ್ತುತ್ತಾಳೆ, ಬಿಡುತ್ತಾಳೆ, ಮನೆಯಲ್ಲಿ ಮಾಡುವ ಹಾಗೆ. ಹಕ್ಕಿ ದಡ ಸೇರುತ್ತದೆ. ಆಮೇಲೆ ಯಜಮಾನ ಕೈಗೆ ತೆಗೆದುಕೊಳ್ಳದೆ ಇರುತ್ತಾನೆಯೇ? ಲೆಕ್ಕ ತಪ್ಪಿಲ್ಲ, ಸ್ವಲ್ಪ ತಡವಾಗಿದೆ ಅಷ್ಟೇ. ದೊಡ್ಡ ಪರದೆಯ ಮೇಲೆ ಹಕ್ಕಿ ಏರಿತು. ಅಕ್ಕ ಅದನ್ನು ಬಂಡೆಗಳ ನಡುವೆ ನುಸುಳಿಸಿದಳು, ಅಲೆಯ ನೆತ್ತಿ ಸವರಿ ಹಾರಿಸಿದಳು. ಜನ ಹೋ ಎಂದರು. ಇಷ್ಟು ಜನರ ಮುಂದೆ ಅವಳ ಕೈ, ಅವನ ಕೆಲಸ. ಆಗ ಗಾಳಿ ಎದ್ದಿತು. ಅಕ್ಕ ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು, ಎರಡೂ ಅಂಗೈಯ ತಳವನ್ನು ಹೆಗಲ ಬಟನ್ನುಗಳ ಮೇಲೆ ಊರಿ, ಒತ್ತಿದಳು. ಹಕ್ಕಿಯ ರೆಕ್ಕೆ ಹರಡಿತು. ಅವಳು ಬಿಡಲಿಲ್ಲ. ತಲೆ ಓರೆ ಮಾಡಿ ಡಬ್ಬಿಗೆ ಕಿವಿ ಕೊಟ್ಟಳು. ಇನ್ನಷ್ಟು ಒತ್ತಿದಳು, ಬೆರಳಿಂದಲ್ಲ, ಕಾರ್ಖಾನೆಯಲ್ಲಿ ಮುಚ್ಚಳ ಒತ್ತಿ ಒತ್ತಿ ಗಟ್ಟಿಯಾದ ತೋಳಿನಿಂದ.

ಅವನು ಓಡಿದ. ಕುರ್ಚಿಗಳಿಗೆ, ಮೊಣಕಾಲುಗಳಿಗೆ ಡಿಕ್ಕಿ ಹೊಡೆಯುತ್ತಾ, "ಅಕ್ಕಾ, ಬಿಡು! ಕೈ ಬಿಡು! ಕೆಳಗೆ ಹಾಕು ಅದನ್ನ!" ಎಂದು ಕೂಗುತ್ತಾ ಓಡಿದ. ಇಡೀ ಸಭಾಂಗಣ ಅವನ ಕಡೆ ತಿರುಗಿತು. ಬಟನ್ನಮ್ಮ ಎದ್ದು ನಿಂತಿದ್ದಳು, ಒಂದು ಕೈ ಬಾಯ ಮೇಲೆ. ಯಜಮಾನ ಅವನ ಮುಖ ನೋಡಿದವನೇ ಒಂದೊಂದೇ ಹೆಜ್ಜೆ ಹಿಂದಕ್ಕೆ ಸರಿಯತೊಡಗಿದ. ಅಕ್ಕ ಮಾತ್ರ ತಲೆಯೆತ್ತಲಿಲ್ಲ. ಮೇಸ್ತ್ರಿ ಬೆನ್ನ ಹಿಂದೆ ನಿಂತಿದ್ದಾಗ ಹೇಗೆ ಇರುತ್ತಿದ್ದಳೋ ಹಾಗೆ, ತುಟಿ ಬಿಗಿದು, ಮೈಯ ಭಾರವನ್ನೆಲ್ಲ ಅಂಗೈಗೆ ಇಳಿಸಿ, ಅವನು ಬಿಸಿಲಲ್ಲಿ ಕೂತು ಕೈ ನಡುಗದೆ ಕತ್ತರಿಸಿ ತೆಗೆದ ಸದ್ದಿಗಾಗಿ ಕಾಯುತ್ತಿದ್ದಳು. "ಇರೋ, ಕೂಗ್ಬೇಡ" ಎಂದಳು. "ಇನ್ನೂ ಟಿಕ್ ಅಂದಿಲ್ಲ. ಟಿಕ್ ಅನ್ನದೆ ನಾನು ಬಿಡಲ್ಲ."